ಅತ್ತೆಯ ಕಪಾಟಿನ ಬಾಗಿಲು

ಮನೆಯಲ್ಲೇ ಕೂತು ಮಾಡುವ ಅನುವಾದದ ಕೆಲಸ ಸಿಕ್ಕಿತೆಂದು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಕೂರಲಿಕ್ಕೆ ಜಾಗ ಎಲ್ಲಿ ಎಂಬುದು ಆಮೇಲೆ ಹೊಳೆಯಿತು. ಉಪ್ಪಳದ ನಮ್ಮ ಮನೆಯಲ್ಲಿ ಇದ್ದದ್ದು ಊಟದ ಮೇಜೊಂದೇ. ಅಲ್ಲಿ ಲ್ಯಾಪ್‌ಟಾಪ್ ತೆರೆದರೆ ಪಕ್ಕಕ್ಕೆ ಹೆಚ್ಚಬೇಕಾದ ಸೌತೆಕಾಯಿ ಬಂದು ಕೂರುತ್ತಿತ್ತು. ಗಂಡನಿಗೆ ಚಾ ಬೇಕಾಗುತ್ತಿತ್ತು. ಕಣ್ಣೆದುರು ಕೂತವಳು ಬಿಡುವಾಗಿದ್ದಾಳೆ ಎಂದೇ ಎಲ್ಲರ ಲೆಕ್ಕ. ಮೊದಲ ವಾರವೇ ಕೆಲಸ ತಡವಾಯಿತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ಕೆಲಸ ಕೊಟ್ಟವರು ಮೃದುವಾಗಿಯೇ ತಿಳಿಸಿದರು. ಬಚ್ಚಲಿಗೆ ಹೋಗಿ ಕಣ್ಣೀರು ಹಾಕಿ ಬಂದೆ.

ನನ್ನ ಕೆಂಪಾದ ಕಣ್ಣು ಅತ್ತೆಗೆ ಕಂಡಿರಬೇಕು. ಮರುದಿನ ಸೌದೆ ಕೊಟ್ಟಿಗೆಯಲ್ಲಿದ್ದ ಹಳೆಯ ಹಲಸಿನ ಮರದ ಮೇಜನ್ನು ಅಂಗಳಕ್ಕೆ ಎಳೆದು ತಂದರು. ಬಣ್ಣ ಬಳಿದು ಚಾವಡಿಯ ಮೂಲೆಯಲ್ಲಿ ಇಟ್ಟುಕೋ ಎಂದರು. ನಾನು ಆರಿಸಿದ ತಿಳಿನೀಲಿ ಅವರಿಗೆ ಆಸ್ಪತ್ರೆಯ ಗೋಡೆಯಂತೆ ಕಂಡಿತಂತೆ. ಆದರೂ ಸೀರೆ ಎತ್ತಿ ಕಟ್ಟಿ ನನಗಿಂತ ಮೊದಲು ಬ್ರಷ್ ಹಿಡಿದರು. ಅವರ ಕೈಯ ಓಟ ನೋಡುವುದೇ ಚಂದ. ನಾನು ಒಂದು ಕಾಲಿಗೆ ಬಳಿಯುವಷ್ಟರಲ್ಲಿ ಅವರು ಉಳಿದದ್ದನ್ನೆಲ್ಲ ಮುಗಿಸಿ ನನ್ನದನ್ನು ತಿದ್ದುತ್ತಿದ್ದರು.

ಆದರೆ ಬಣ್ಣ ಒಣಗಲೇ ಇಲ್ಲ. ಮರುದಿನ ಮುಟ್ಟಿದರೂ ಹಲಸಿನ ಮೇಣದ ಹಾಗೆ ಅಂಟುತ್ತಿತ್ತು. ನೀಲಿಯ ಮೇಲೆ ಕಂದು ಕಲೆಗಳು ಎದ್ದಿದ್ದವು. ಇನ್ನೊಂದು ಕೋಟು ಹಾಕಿದೆವು, ಕಲೆ ಮತ್ತಷ್ಟು ಅಗಲವಾಯಿತು. ನಾನು ಪೈಂಟ್ ಮಾರಿದವನನ್ನು ಮನಸಾರೆ ಬೈದೆ. ಅತ್ತೆ ಬಗ್ಗಿ ಹಲಗೆಯನ್ನು ಮೂಸಿ, ಹಣೆ ಚಚ್ಚಿಕೊಂಡರು. ಗೆದ್ದಲು ಹಿಡಿಯದಿರಲೆಂದು ಗೇರುಬೀಜದ ಸಿಪ್ಪೆಯ ಕರಿ ಎಣ್ಣೆಯನ್ನು ಕೊಟ್ಟಿಗೆಯ ಮರಕ್ಕೆಲ್ಲ ಹಚ್ಚುವುದು ನಮ್ಮ ಕಡೆಯ ವಾಡಿಕೆ. ಅದರ ಮೇಲೆ ಯಾವ ಬಣ್ಣವೂ ಒಣಗದು. ಪ್ರತಿ ಮಳೆಗಾಲಕ್ಕೆ ಮುಂಚೆ ಆ ಮೇಜಿಗೆ ಗೇರೆಣ್ಣೆ ಕುಡಿಸಿದ್ದವರು ಸ್ವತಃ ಅವರೇ.

ಸೋಮವಾರ ಹೊಸ ಕೆಲಸ ಬರುವುದಿತ್ತು. ಕಾಲುಗಳ ಕಲೆ ಯಾರಿಗೂ ಕಾಣದು, ಕೈ ಊರುವ ಹಲಗೆಯದ್ದೇ ಸಂಕಟ. ಬೇರೆ ಹಲಗೆ ಹಾಕಿಸೋಣವೆಂದರೆ ಮರಗೆಲಸದ ಆಚಾರಿ ಸದ್ಯಕ್ಕೆ ಬರುವ ಹಾಗಿರಲಿಲ್ಲ. ಸೌತೆಕಾಯಿಯ ಪಕ್ಕದಲ್ಲೇ ಕೂರುತ್ತೇನೆಂದು ನಾನು ಸೋತು ಹೇಳಿದೆ.

ಅತ್ತೆಯ ಕೋಣೆಯಲ್ಲಿ ತವರಿನಿಂದ ಬಂದ ಸಾಗುವಾನಿಯ ಕಪಾಟೊಂದಿತ್ತು. ಅದರ ಕೀಲಿಕೈ ಸದಾ ಅವರ ಸೊಂಟದಲ್ಲಿ. ಒಳಗೆ ಏನಿದೆಯೆಂದು ಮಗನೂ ನೋಡಿದವರಲ್ಲ. ಇಡೀ ಮನೆಯಲ್ಲಿ ಅವರೊಬ್ಬರದ್ದೇ ಎನ್ನುವಂಥದ್ದು ಅದೊಂದೇ. ಭಾನುವಾರ ಬೆಳಗ್ಗೆ ನಾನು ಪಾತ್ರೆ ತೊಳೆದು ಬರುವಾಗ ಅವರು ಸ್ಕ್ರೂಡ್ರೈವರ್ ಹಿಡಿದು ಆ ಕಪಾಟಿನ ಒಂಟಿ ಬಾಗಿಲನ್ನು ಕಳಚುತ್ತಿದ್ದರು. ಗೇರೆಣ್ಣೆ ಸೋಕದ, ಚಪ್ಪಟೆಯಾದ ಹಲಗೆ. ಬೇಡ ಅತ್ತೆ ಎಂದು ಅಡ್ಡ ನಿಂತೆ.

“ನನ್ನ ನಾಲ್ಕು ಸೀರೆಗೆ ಬಾಗಿಲು ಎಂತಕ್ಕೆ? ಒಂದು ಪರದೆ ಸಾಕು. ನೀನು ಆ ಕಡೆ ಹಿಡಿ.”

ಹಿಡಿದೆ. ಅವರ ಮೇಲೆ ಆಗ ಪ್ರೀತಿ ಉಕ್ಕಿ ಬಂತು. ಎಣ್ಣೆ ಕುಡಿದ ಹಲಗೆಯನ್ನು ಕಿತ್ತು ಆ ಜಾಗದಲ್ಲಿ ಬಾಗಿಲನ್ನು ಕೂರಿಸಿ ನೀಲಿ ಬಳಿದೆವು. ಸಂಜೆಗೆ ಮುಟ್ಟಿದರೆ ಬೆರಳಿಗೆ ಅಂಟಲಿಲ್ಲ. ಬೀಗದ ತೂತಿನಲ್ಲಿ ಚಾರ್ಜರಿನ ವಯರು ಇಳಿಬಿಡಬಹುದೆಂದು ಕಂಡುಹಿಡಿದವರೂ ಅತ್ತೆಯೇ.

ಸೋಮವಾರ ಅಂಗಡಿಯಿಂದ ಬಂದ ಗಂಡ ಎಂದಿನಂತೆ ಚಾ ಎಂದು ನನ್ನನ್ನು ಕೂಗಿದರು. ಚಾವಡಿಯ ನೀಲಿ ಮೇಜಿನ ಮುಂದೆ ಕೂತಿದ್ದ ನಾನೂ ಎಂದಿನಂತೆ ಕುರ್ಚಿ ಹಿಂದಕ್ಕೆ ಸರಿಸಿದ್ದೆ. ಅಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಮಗನಿಗೆ ಹೇಳುವುದು ಕೇಳಿಸಿತು.

“ಅವಳು ಆಫೀಸಿನಲ್ಲಿ ಇದ್ದಾಳೆ. ಚಾ ನೀನೇ ಮಾಡು. ನನಗೂ ಒಂದು ಲೋಟ ಇರಲಿ.”