ನಾಲ್ಕನೇ ಪರದೆಯ ಕಣ್ಣುಗಳು

ಜಹೀರಾಬಾದ್ ಬಸ್‌ಸ್ಟ್ಯಾಂಡಿನ ಎದುರು ಕಬ್ಬಿನ ಹಾಲು ಮಾರುವವನು ತನ್ನ ಗಾಡಿಯ ಛತ್ರಿಯನ್ನು ನೀಲಿ ನೆಟ್‌ವರ್ಕ್ ಕೇಬಲ್ಲಿನಿಂದ ಬಿಗಿದಿದ್ದ. ತುದಿಯ ಪ್ಲಾಸ್ಟಿಕ್ ಪಿನ್ನು ಹಾಗೇ ತೂಗುತ್ತಿತ್ತು. ನಾರಾಯಣಖೇಡದ ಬಸ್ಸಿಗೆ ಕಾಯುತ್ತಿದ್ದ ನನಗೆ, ಕಂಪ್ಯೂಟರ್ ಕಲಿಸಿದ ಸರ್ ಎಳೆದಿದ್ದ ಕೇಬಲ್ಲುಗಳು ನೆನಪಾದವು...

ನಾರಾಯಣಖೇಡದ ಬಟ್ಟೆ ಅಂಗಡಿಯೊಂದರ ಮೇಲೆ ಅವರ ತರಬೇತಿ ಕೇಂದ್ರವಿತ್ತು. ಆರು ಕಂಪ್ಯೂಟರುಗಳಲ್ಲಿ ಐದು ಯಾವುದೋ ಕಚೇರಿ ಎಸೆದ ಹಳೆಯವು. ಸ್ವಂತವಾಗಿ ಏನನ್ನೂ ನಡೆಸುವ ತ್ರಾಣ ಅವಕ್ಕಿರಲಿಲ್ಲ. ಸರ್ ಅವನ್ನೆಲ್ಲ ಕೇಬಲ್ಲಿನಿಂದ ಮೂಲೆಯ ಆರನೆಯ, ದೊಡ್ಡ ಕಂಪ್ಯೂಟರಿಗೆ ಜೋಡಿಸಿದ್ದರು. ಕೆಲಸವೆಲ್ಲ ದೊಡ್ಡದರಲ್ಲಿ ನಡೆಯುತ್ತಿತ್ತು, ಚಿತ್ರ ಮಾತ್ರ ನಮ್ಮ ಪರದೆಗಳಲ್ಲಿ ಮೂಡುತ್ತಿತ್ತು. ಯಾವ ಪರದೆಯಲ್ಲಿ ಮೂಡಬೇಕೋ ಅದರ ಸಂಖ್ಯೆ ಬರೆದರಾಯಿತು. ಬೇರೆಯವರು ಕಳಿಸಿದ್ದನ್ನು ಪರದೆ ತಡೆಯಲೂಬಹುದು. ಆದರೆ ಸರ್ ಆ ತಡೆಯನ್ನೇ ತೆಗೆದುಹಾಕಿದ್ದರು. ಯಾಕೆಂದು ಕೇಳಿದೆ.

“ಹಗಲೊತ್ತ ಬಾಗಲಾ ಹಾಕ್ತಾರೇನೋ ತಮ್ಮಾ? ಬಂದ ಮಂದಿ ಏನಂತಾರ?”

ಹೀಗಾಗಿ ಯಾರ ಪರದೆಗೆ ಯಾರು ಏನನ್ನಾದರೂ ಕಳಿಸಬಹುದಿತ್ತು. ಎರಡು ದೊಡ್ಡ ಕಣ್ಣುಗಳ ಪ್ರೋಗ್ರಾಮೊಂದಿತ್ತು. ಮೌಸ್ ಎತ್ತ ಸರಿಸಿದರೆ ಅತ್ತ ಗುಡ್ಡೆಗಳು ಹೊರಳುತ್ತಿದ್ದವು. ನಾಲ್ಕನೇ ಕಂಪ್ಯೂಟರಿನಲ್ಲಿ ಕಲಿಯುತ್ತಿದ್ದ ನಾಗಲಗಿದ್ದ ಊರಿನ ಅಕ್ಕನಿಗೆ ದಿನಾ ಬೆಳಿಗ್ಗೆ ನಾನು ಆ ಕಣ್ಣು ಕಳಿಸುತ್ತಿದ್ದೆ. “ನಿನ್ನ ಕಣ್ಣ ಕೀಳ್ತೀನಿ ನೋಡ್” ಎನ್ನುತ್ತಿದ್ದಳು ಆಕೆ. ಅದೇ ನಮ್ಮ ನಮಸ್ಕಾರ.

ಮಾನ್ಯತೆ ಕೊಡುವ ಸಾಹೇಬರು ತಪಾಸಣೆಗೆ ಬರುವ ದಿನ ಬಂತು. ಆರೂ ಕಂಪ್ಯೂಟರುಗಳು ನಡೆಯದಿದ್ದರೆ ಮಾನ್ಯತೆಯಿಲ್ಲ. ಕೇಂದ್ರಕ್ಕೆ ಬೀಗ, ನಮ್ಮ ಸರ್ಟಿಫಿಕೇಟುಗಳಿಗೆ ಬೆಲೆಯಿಲ್ಲ. ಅಂದೇ ನನ್ನ ಬಸ್ಸು ತಡವಾಯಿತು. ತಲೆ ತಗ್ಗಿಸಿ ಒಳನುಸುಳಿ, ಆರನೆಯದರ ಮುಂದೆ ಕುಳಿತು, ರೂಢಿಯಂತೆ ನಾಲ್ಕಕ್ಕೆ ಕಣ್ಣು ಕಳಿಸಿದೆ. ದಪ್ಪ ಮಾನಿಟರಿನ ಹಿಂದೆ ಯಾರಿದ್ದಾರೆಂದು ನೋಡಲಿಲ್ಲ. ಕೇಂದ್ರದಲ್ಲಿ ಕಾಲು ಅಲ್ಲಾಡದ ಕುರ್ಚಿ ಒಂದೇ ಇತ್ತು, ಅಕ್ಕನದು. ಅತಿಥಿಗೆಂದು ಸರ್ ಆಕೆಯನ್ನು ಎಬ್ಬಿಸಿ, ಸಾಹೇಬರನ್ನು ಅದರಲ್ಲಿ ಕೂರಿಸಿದ್ದರು.

ತಾಂಡೂರು ಕಡೆಯ ಆ ಸಾಹೇಬರು ಮೌಸನ್ನು ಎಡಕ್ಕೆ ಸರಿಸಿದರು. ಕಣ್ಣು ಎಡಕ್ಕೆ ಹೊರಳಿತು. ಬಲಕ್ಕೆ ಸರಿಸಿದರು, ಬಲಕ್ಕೆ ಹೊರಳಿತು.

“ಇದೇನ್ರಿ ಮಾಸ್ತರ?”

ಸರ್ ನನ್ನತ್ತ ಒಮ್ಮೆ ನೋಡಿದರು. ಆಮೇಲೆ ತಣ್ಣಗೆ ಹೇಳಿದರು: “ಮೂಲ್ಯಾಗಿನ ದೊಡ್ಡ ಮಿಷನ್ ನಿಮ್ಮನ್ನ ನೋಡಾಕತ್ತದ್ರಿ, ಸಾಬ್. ವೈರ್ ತಗೀರಿ, ನೋಡೋದು ಬಿಡ್ತದ.”

ಸಾಹೇಬರು ಕೇಬಲ್ ಕಿತ್ತರು. ಕಣ್ಣು ಕಲ್ಲಾಯಿತು. ಮತ್ತೆ ಚುಚ್ಚಿದರು, ಕೊಂಚ ಯೋಚಿಸಿ ಗುಡ್ಡೆಗಳು ಹೊರಳಿದವು. ಅವರಿಗೆ ರುಚಿ ಹತ್ತಿತು. ಐದೂ ಹಳೆಯ ಕಂಪ್ಯೂಟರುಗಳ ಮುಂದೆ ಕುಳಿತು, ಕಿತ್ತು, ಚುಚ್ಚಿ ಪರೀಕ್ಷಿಸಿದರು. ಒಂದೊಂದಕ್ಕೂ ಕಣ್ಣು ಕಳಿಸುವ ಸರ್ಕಾರಿ ಕೆಲಸ ನನ್ನ ಪಾಲಿಗೆ ಬಂತು.

ಮಾನ್ಯತೆ ಸಿಕ್ಕಿತು, ಕಂಡವರ ಕಣ್ಣು ಬಾರದಂತೆ ಪರದೆಗಳಿಗೆ ತಡೆ ಹಾಕಬೇಕೆಂಬ ಷರತ್ತಿನೊಂದಿಗೆ. ಸರ್ ಅವರೆದುರೇ ಹಾಕಿದರು. ಸಾಹೇಬರ ಜೀಪು ಬಸ್‌ಸ್ಟ್ಯಾಂಡ್ ದಾಟುತ್ತಲೇ ತೆಗೆದರು. ನನಗೆ ಬೈಯಲಿಲ್ಲ. “ಕಣ್ಣ ಕಳಸ್ದಾಂವ ಎಲ್ಲಾರಿಗಿ ಚಾ ಹೇಳ್ಲಿ” ಎಂದರಷ್ಟೇ.

ಆ ಸರ್ಟಿಫಿಕೇಟಿನಿಂದಲೇ ನಾನು ಪತ್ರಿಕೆಯಲ್ಲಿ ಪುಟ ಕಟ್ಟುವ ಕೆಲಸಕ್ಕೆ ಸೇರಿದ್ದು, ವರದಿಗಾರನಾದದ್ದು ಆಮೇಲೆ. ಈಗ ನಮ್ಮ ಕಚೇರಿಯಲ್ಲಿ ಪಕ್ಕದವನ ಪರದೆ ನೋಡಲು ಮೂರು ಸಲ ಅನುಮತಿ ಕೇಳಬೇಕು...

ಬಸ್ಸು ಬಂತು. ನಾನು ಹೊರಟಿದ್ದು ಸರ್ ಮನೆಗೇ. ಅವರು ತೀರಿಕೊಂಡು ಮೂರು ದಿನವಾಗಿತ್ತು. ಮಧ್ಯಾಹ್ನ ತಲುಪಿದಾಗ ಬಾಗಿಲು ತೆರೆದೇ ಇತ್ತು. ಎಂದಿನಂತೆ ಯಾರನ್ನೂ ಕೇಳದೆ ಒಳಗೆ ಹೋದೆ. ಬಂದವರು ಯಾರೆಂದು ನೋಡಲು ಅವರಿರಲಿಲ್ಲ.