ನಡುಗುವ ಕೈಗೊಂದು ಕ್ಷೌರದ ಕತ್ತಿ

ಇದನ್ನು ಬರೆಯಲು ಕುಳಿತಾಗ ಬೆರಳುಗಳಿಂದ ಇನ್ನೂ ಕ್ಷೌರದ ಸಾಬೂನಿನ ವಾಸನೆ ಬರುತ್ತಿದೆ. ಟ್ಯೂಬಿನಿಂದ ಹಿಂಡುವ ಕ್ರೀಮಿನದಲ್ಲ. ಬಟ್ಟಲಲ್ಲಿ ಗಟ್ಟಿಯಾಗಿ ಕೂತಿರುವ, ಬ್ರಷ್ಷಿನಿಂದ ತಿರುವಿ ತಿರುವಿ ನೊರೆ ಎಬ್ಬಿಸಬೇಕಾದ ಸಾಬೂನಿನದು. ಕೈ ತೊಳೆದರೂ ಹೋಗಿಲ್ಲ. ಹೋಗದಿದ್ದರೆ ಇರಲಿ. ಇಷ್ಟು ವರ್ಷ ಚೌಕದ ಸಲೂನಿನಲ್ಲಿ ಕಣ್ಣು ಮುಚ್ಚಿ ಮುಖ ಒಪ್ಪಿಸುತ್ತಿದ್ದವನು, ಮೊಮ್ಮಕ್ಕಳಾಗುವ ವಯಸ್ಸಿನಲ್ಲಿ ತಾನೇ ಉದ್ದ ಕತ್ತಿ ಹಿಡಿದು ಗಡ್ಡ ತೆಗೆದುಕೊಳ್ಳುತ್ತಾನೆಂದರೆ ನೀವು ಕೇಳಿಯೇ ಕೇಳುತ್ತೀರಿ, ಯಾಕಪ್ಪ ಈ ಉಸಾಬರಿ ಎಂದು. ಹೇಳುತ್ತೇನೆ. ನಿಮಗೂ ಅಂಥದೊಂದು ಕೊಳ್ಳುವ ಮನಸ್ಸಿದ್ದರೆ ಯಾವುದನ್ನು ಕೊಳ್ಳಬೇಕು, ಯಾವುದನ್ನು ಮುಟ್ಟಲೂ ಬಾರದು ಎಂಬುದನ್ನೂ ಹೇಳುತ್ತೇನೆ. ಸಲಹೆ ಕೊಡದೆ ಸುಮ್ಮನಿರುವುದು ನನ್ನಿಂದಾಗುವ ಕೆಲಸವಲ್ಲ.

ಕಾರಣ ನನ್ನ ಬಲಗೈ. ಹೋದ ವರ್ಷ ಅದು ನಡುಗಲು ಶುರುಮಾಡಿತು. ನನ್ನದು ಖಾಲಿ ಡ್ರಮ್ಮುಗಳ ವ್ಯಾಪಾರ. ಪುಣೆ ಹತ್ತಿರದ ಕುರಕುಂಭದ ಕಾರ್ಖಾನೆಗಳಲ್ಲಿ ಬರಿದಾದ ನೀಲಿ ಡ್ರಮ್ಮುಗಳನ್ನು ಕೊಂಡು, ತೊಳೆಸಿ, ಕಟ್ಟಡ ಕಟ್ಟುವವರಿಗೆ ಮಾರುತ್ತೇನೆ. ಬರಿಗೈಯಲ್ಲಿ ಶುರುಮಾಡಿದ ನನಗೆ ಮೊದಲಿನಿಂದಲೂ ಒಂದೇ ಬಂಡವಾಳ: ಎದುರಿನವನು ರೇಟು ಹೇಳಿದಾಗ ನನ್ನ ಮುಖದಲ್ಲಿ ಏನೂ ಕಾಣುವುದಿಲ್ಲ. ಆದರೆ ಮುಖ ಕಾಯ್ದುಕೊಂಡ ಗುಟ್ಟನ್ನು ಕೈ ಬಿಟ್ಟುಕೊಡತೊಡಗಿತು. ಚಹಾ ಬರುತ್ತದೆ, ಕಪ್ಪು ಎತ್ತುತ್ತೇನೆ, ಕಪ್ಪು ಬಸಿಗೆ ತಾಗಿ ಟಿಣಿಟಿಣಿ ಎನ್ನುತ್ತದೆ. ಮೇಜಿನಾಚೆ ಕೂತವನು ಅದನ್ನು ಕೇಳಿ ಬೆನ್ನು ಹಿಂದಕ್ಕೆ ಚಾಚಿ ಆರಾಮಾಗುತ್ತಾನೆ. ಇವನು ಅಂಜಿದ್ದಾನೆ, ಮಾಲು ಇವನಿಗೆ ಬೇಕೇಬೇಕು ಎಂದು ಅವನ ಲೆಕ್ಕ. ಅಲ್ಲಿಂದ ರೇಟು ಜಪ್ಪೆನ್ನುವುದಿಲ್ಲ. ನಾನು ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಳ್ಳುವುದನ್ನು ಕಲಿತೆ. ಚಹಾ ಬೇಡ, ಆಸಿಡಿಟಿ ಎನ್ನುವುದನ್ನು ಕಲಿತೆ. ಡಾಕ್ಟರ ಹತ್ತಿರ ಹೋಗಲಿಲ್ಲ. ಅವರು ಯಾವುದಾದರೂ ದೊಡ್ಡ ಹೆಸರು ಹೇಳಿಬಿಟ್ಟರೆ ಅದನ್ನು ವಾಪಸು ಮಾಡಲಾಗುವುದಿಲ್ಲ. ಹೆಂಡತಿ ಗಿರಿಜೆಗೂ ಹೇಳಲಿಲ್ಲ. ಅವಳು ಇತ್ತೀಚೆಗೆ ಅರ್ಧ ಕಪ್ಪು ಚಹಾ ಮಾತ್ರ ಕೊಡುತ್ತಿದ್ದಳು. ಹಾಲು ತುಟ್ಟಿಯಾಯಿತೆಂದು ಕೈ ಬಿಗಿಹಿಡಿದಿದ್ದಾಳೆ ಎಂದು ಒಳಗೊಳಗೇ ಮೆಚ್ಚಿಕೊಂಡಿದ್ದೆ.

ಆದರೂ ಕುತೂಹಲ ಬಿಡಬೇಕಲ್ಲ. ಈ ಕೈ ಕಪ್ಪು ಹಿಡಿದರೆ ನಡುಗುತ್ತದೆ, ಕೀಲಿ ತಿರುವಿದರೆ ನಡುಗುವುದಿಲ್ಲ. ಚಮಚ ಎತ್ತಿದರೆ ನಡುಗುತ್ತದೆ, ಡ್ರಮ್ಮು ಉರುಳಿಸಿದರೆ ಇಲ್ಲ. ಇದೇನು ಮಾಲಿನಲ್ಲೇ ದೋಷವೋ, ಬಳಸುವ ರೀತಿಯಲ್ಲೋ? ಹಾಗೆ ಯೋಚಿಸುವಾಗ ನೆನಪಾದವರು ನನ್ನ ಸೋದರಮಾವ.

ಇಂಡಿ ಕಡೆಯಿಂದ ಪುಣೆಗೆ ಬಂದಾಗ ನಾನು ಮೊದಲು ಇಳಿದದ್ದು ಅವರ ಮನೆಯಲ್ಲಿ. ಕಸಬಾ ಪೇಠದ ಹಳೆಯ ವಾಡೆಯಲ್ಲಿ ಒಂದೇ ಕೋಣೆ. ಮಾಮಾ ಒಂದು ಕಚೇರಿಯಲ್ಲಿ ಕಾರಕೂನರು. ಬೆಳಿಗ್ಗೆ ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ, ಬಾಗಿಲ ಕೊಂಡಿಗೆ ಕಟ್ಟಿದ ಚರ್ಮದ ಪಟ್ಟಿಯ ಮೇಲೆ ಕತ್ತಿಯನ್ನು ಸರ್ ಸರ್ ಎಂದು ಸವರಿ, ಗಡ್ಡಕ್ಕೆ ಕೈಹಾಕುತ್ತಿದ್ದರು. ಮಾತು ಮಾತ್ರ ನಿಲ್ಲುತ್ತಿರಲಿಲ್ಲ. ಸಾಹೇಬರ ಸಿಡುಕು, ನಲ್ಲಿಯ ಮುಂದಿನ ಜಗಳ, ಊರಿನ ಜೋಳ, ಎಲ್ಲವೂ ನೊರೆಯ ನಡುವಿನಿಂದಲೇ ಬರಬೇಕು. ಕತ್ತಿ ಗಂಟಲಿಗೆ ಇಳಿದಾಗ ಮಾತ್ರ ಗಪ್ಪು. ಮಾಮಿ ಕಾಯುತ್ತಿದ್ದುದೇ ಆ ಹೊತ್ತಿಗೆ.

"ದೀಪಾವಳಿಗೆ ನನ್ನ ತಂಗೀನ್ನ ಕರಸ್ತೀನ್ರಿ. ಮಕ್ಕಳ ಸೂಟಿ ಮುಗಿಯೂತನಕ ಇಲ್ಲೇ ಇರ್ತಾಳ."

ಮಾಮಾ ಬಾಯಿ ತೆರೆಯುವಂತಿಲ್ಲ, ತಲೆಯನ್ನಂತೂ ಅಲ್ಲಾಡಿಸುವಂತೆಯೇ ಇಲ್ಲ. ಮುಖ ತೊಳೆದ ಮೇಲೆ, "ಏನಂದಿ ಆಗಳೆ?" ಎಂದರೆ ಮಾಮಿ, "ನೀವು ಬ್ಯಾಡ ಅನ್ನಲಿಲ್ಲಲ್ಲ, ಹೂಂ ಅಂತ ತಿಳಕೊಂಡೆ" ಎನ್ನುತ್ತಿದ್ದರು. ವ್ಯಾಪಾರದ ಮೊದಲ ಪಾಠ ನನಗೆ ಸಿಕ್ಕಿದ್ದು ಆ ಕೋಣೆಯಲ್ಲಿ. ಆದರೆ ಈಗ ನೆನಪಾದದ್ದು ಮಾಮಾನ ಕೈ. ಅಂಗಿಯ ಗುಂಡಿ ಹಾಕುವಾಗಲೂ ಗಡಿಬಿಡಿ ಮಾಡುತ್ತಿದ್ದ ಆ ಕೈ, ಕತ್ತಿ ಹಿಡಿದ ಕೂಡಲೇ ಗಂಭೀರವಾಗಿಬಿಡುತ್ತಿತ್ತು. ಉಡಾಳನಿಗೆ ಹೊಣೆ ಕೊಟ್ಟರೆ ನೆಟ್ಟಗಾಗುತ್ತಾನಲ್ಲ, ಹಾಗೆ. ನನ್ನ ಕೈಗೂ ಒಂದು ಕತ್ತಿ ಕೊಟ್ಟು ನೋಡಿದರೆ? ತಿದ್ದಿಕೊಂಡರೆ ಕೈ ನನ್ನದು. ಇಲ್ಲದಿದ್ದರೆ ಇದು ನನ್ನ ಕೈಬಿಟ್ಟು ಹೋಯಿತು ಎಂದರ್ಥ. ಈ ತರ್ಕ ಎಷ್ಟು ಅಪಾಯದ್ದು ಎಂದು ನೀವು ಹೇಳುವ ಮೊದಲೇ ನಾನು ಹಳೆ ಸಾಮಾನು ಮಾರುವ ಜುನಾ ಬಜಾರಿನಲ್ಲಿದ್ದೆ.

ತಾಡಪಾಲಿನ ಮೇಲೆ ಹಳೆಯ ಬೀಗ, ಕುಂಟು ಕ್ಯಾಮೆರಾ, ಹಿತ್ತಾಳೆಯ ನಲ್ಲಿಗಳ ನಡುವೆ ಮೂರು ಕ್ಷೌರದ ಕತ್ತಿಗಳು ಮಲಗಿದ್ದವು. ಮಾರುತ್ತಿದ್ದ ಹೆಂಗಸು, ಬಜಾರಿಗೆಲ್ಲ ಮಾವಶಿ, ಎಲೆಯಡಿಕೆ ಮೆಲ್ಲುತ್ತ, ಇವು ಇಂಗ್ರೇಜರ ಕಾಲದವು ಎಂದಳು. ಹಾಗಾದರೆ ಅವರು ಹೋಗುವಾಗ ಯಾಕೆ ಬಿಟ್ಟುಹೋದರು ಎಂದು ನಾನು ಮರಾಠಿಯಲ್ಲೇ ಕೇಳಿದೆ.

"ಘಾಈತ ಹೋತೇ," ಎಂದಳು ತಲೆ ಎತ್ತದೆ. ಅವಸರದಲ್ಲಿದ್ದರಂತೆ.

ಇಂಥವಳ ಜೊತೆ ಚೌಕಾಶಿ ಮಾಡುವುದೇ ಒಂದು ಸುಖ. ಬಿಡಿ ಮಾಲಿಗೆ ರೇಟು ಕೇಳುವ ಅಭ್ಯಾಸ ನನಗಿಲ್ಲ. ಡ್ರಮ್ಮಾದರೂ ಅಷ್ಟೆ, ಬದನೆಕಾಯಿಯಾದರೂ ಅಷ್ಟೆ, ಪೂರಾ ಲಾಟಿಗೇ ಕೇಳುವವನು. "ಮೂರೂ ಸೇರಿ ಏನು?" ಎಂದೆ. ನಾನು ಎದ್ದೆ, ಅವಳು ಕರೆದಳು. ಮತ್ತೆ ಎದ್ದೆ, ಮತ್ತೆ ಕರೆದಳು. ಕೊನೆಗೆ ನಾನು ಹೇಳಿದ್ದಕ್ಕೇ ಒಪ್ಪಿಬಿಟ್ಟಳು. ಅವಳು ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ತಿಳಿಯಬೇಕಿತ್ತು. ಒಂದು ಮುಖಕ್ಕೆ ಮೂರು ಕತ್ತಿ ಹಿಡಿದು, ಗೆದ್ದ ಖುಷಿಯಲ್ಲಿ ಮನೆಗೆ ಬಂದೆ.

ಮನೆಯಲ್ಲಿ ಒಂದೊಂದನ್ನೇ ಕನ್ನಡಿಯ ಗಾಜಿನ ಮೇಲೆ ಮಲಗಿಸಿದೆ. ಇದು ನಾನು ಕಂಡುಕೊಂಡ ಪರೀಕ್ಷೆ, ನೀವೂ ಮಾಡಿ. ಕತ್ತಿಯ ಬೆನ್ನು, ಅಂಚು ಎರಡೂ ಉದ್ದಕ್ಕೂ ಗಾಜಿಗೆ ತಾಗಬೇಕು. ನನ್ನ ಮೊದಲನೆಯದು ಹಪ್ಪಳದ ಹಾಗೆ ಒಂದು ಮೂಲೆ ಎತ್ತಿಕೊಂಡಿತ್ತು. ಎರಡನೆಯದನ್ನು ಯಾವ ಪುಣ್ಯಾತ್ಮನೋ ಸಾಣೆ ಹಿಡಿದು ಹಿಡಿದು ಮೀನಿನ ಮುಳ್ಳಿನಷ್ಟು ಉಳಿಸಿದ್ದ. ಮೂರನೆಯದರ ಹಿಡಿ ಕೊಂಬಿನದು, ಬೆಣ್ಣೆಯಂಥ ಬಣ್ಣ. ಅದನ್ನು ನೋಡಿಯೇ ನಾನು ಮರುಳಾದದ್ದು. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಎಳ್ಳಿನ ಗಾತ್ರದ ಮುಕ್ಕು. ಅದು ಕೆನ್ನೆಯ ಮೇಲೆ ಏನು ಬರೆಯುತ್ತಿತ್ತೋ! ಕೊಳ್ಳುವಾಗ ಹೆಬ್ಬೆರಳು ಸವರಿ ಭಾರಿ ಜಾಣನಂತೆ ಹರಿತ ನೋಡಿದ್ದೆ. ಅದು ಕುಡುಗೋಲಿಗೆ ಸರಿ, ಇದಕ್ಕಲ್ಲ. ಬೆರಳೂ ಹಾಳು, ಅಂಚೂ ಹಾಳು.

ಹಾಗಾಗಿ ಮೊದಲ ಸಲ ಕೊಳ್ಳುವವರು ಹಿಡಿಯನ್ನು ಎಲ್ಲಕ್ಕಿಂತ ಕೊನೆಗೆ ನೋಡಿ. ತುದಿ ದುಂಡಗಿರಲಿ. ಚೂಪು ಮೂಲೆಯ ಕತ್ತಿ ಮೀಸೆಯಂಚಿಗೆ ಸೊಗಸು, ಆದರೆ ಹೊಸಬರ ಕಿವಿಗೆ ಕಂಟಕ. ಅಗಲ ನಿಮ್ಮ ಕಿರುಬೆರಳಿನಷ್ಟಿದ್ದರೆ ಸಾಕು. ಅದಕ್ಕಿಂತ ಅಗಲವಾದರೆ ಮೂಗಿನ ಕೆಳಗೆ ತಿರುಗುವುದಿಲ್ಲ. ಹೊಸದೆಂದ ಮಾತ್ರಕ್ಕೆ ಮುಖಕ್ಕೆ ತಯಾರಾಗಿದೆ ಎಂದು ತಿಳಿಯಬೇಡಿ, ಸಾಣೆ ಹಿಡಿದು ಕೊಡುವವರಲ್ಲೇ ಕೊಳ್ಳಿ. ಚರ್ಮದ ಪಟ್ಟಿಯನ್ನೂ ಜೊತೆಗೇ ತನ್ನಿ. ಸಲೂನಿನವರು ಬಳಸುವ, ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ ಅಗ್ಗ, ಸಾಣೆಯ ಗೋಜಿಲ್ಲ, ನಿಜ. ಆದರೆ ಹಗುರಾದ ಆ ಬ್ಲೇಡು ಹೊಸ ಕೈಯ ಒಂದು ತಪ್ಪನ್ನೂ ಮಾಫಿ ಮಾಡುವುದಿಲ್ಲ.

ಇಷ್ಟೆಲ್ಲ ತಿಳಿದುಕೊಂಡು ರವಿವಾರ ಪೇಠದಲ್ಲಿ ಸಲೂನು ಸಾಮಾನು ಮಾರುವ ಅಂಗಡಿಗೆ ಹೋದೆ. ಅಂಗಡಿಯವನು ಸರಿಯಾದದ್ದನ್ನೇ ತೆಗೆದು, ಬಿಚ್ಚಿ, ನನ್ನ ಕೈಯಲ್ಲಿಟ್ಟ. ಕೈ ನಡುಗಿತು. ಅಲಗಿನ ಮೇಲೆ ಟ್ಯೂಬ್‌ಲೈಟಿನ ಬೆಳಕು ಕುಣಿಯತೊಡಗಿತು. ಅಂಗಡಿಯವನು ಬೆಳಕನ್ನು ನೋಡಿದ, ನನ್ನನ್ನು ನೋಡಿದ, "ಕುಣಾಸಾಠಿ, ಕಾಕಾ?" ಎಂದ. ಯಾರಿಗೋಸ್ಕರ ಎಂದು. ನನಗೆ ಎನ್ನದೆ, ಅಳಿಯನಿಗೆ ಎಂದೆ. ಅವನು ಕೇಳಿದಷ್ಟೂ ಕೊಟ್ಟು ಹೊರಬಂದೆ. ಅದಕ್ಕೆ ಮೊದಲು ಚೌಕಾಶಿ ಮಾಡದೆ ವಸ್ತುವೊಂದನ್ನು ಕೊಂಡದ್ದು ನನಗೆ ನೆನಪಿಲ್ಲ. ಆ ಸಂಕಟ ಕೈಯ ಸಂಕಟಕ್ಕಿಂತ ಹೆಚ್ಚಾಗಿತ್ತು.

ಮೊದಲು ಪುಗ್ಗೆಯ ಮೇಲೆ ಅಭ್ಯಾಸ ಮಾಡಬೇಕು ಎಂದು ಎಲ್ಲೋ ಕೇಳಿದ್ದೆ. ಪುಗ್ಗೆ ಊದಿ, ಅದಕ್ಕೆ ನೊರೆ ಬಳಿದು, ಒಡೆಯದ ಹಾಗೆ ನೊರೆ ತೆಗೆಯಬೇಕು. ಗಿರಿಜೆ ಪಕ್ಕದ ಮನೆಗೆ ಹೋದ ಹೊತ್ತು ನೋಡಿ ಬಚ್ಚಲಿಗೆ ಸೇರಿಕೊಂಡೆ. ಕತ್ತಿ ಪುಗ್ಗೆಗೆ ತಾಗಿತೋ ಇಲ್ಲವೋ, ಢಂ! ಕನ್ನಡಿ, ಗೋಡೆ, ನನ್ನ ಕಣ್ಣಿನ ಚಾಳೀಸು, ಎಲ್ಲ ನೊರೆಮಯ. ಅವಳು ಅಷ್ಟರಲ್ಲೇ ವಾಪಸಾಗಿದ್ದಳು.

"ಏನ್ರಿ ಇದು? ಯಾರ ಹುಟ್ಟುಹಬ್ಬ?"

"ಏನಿಲ್ಲ. ವ್ಯಾಪಾರದ ಕೆಲಸ."

"ಡ್ರಮ್ಮಿಗೆ ಗಡ್ಡ ಬಂದಾವೇನು?"

ಅವಳು ನನ್ನ ಕೈಯಿಂದ ಕತ್ತಿ ತೆಗೆದುಕೊಂಡು, ಮಡಚಿ, ಮೇಲಿನ ಹಲಗೆಯ ಮೇಲಿಟ್ಟಳು. "ಕೈ ನಡಗೂದು ನನಗ ಗೊತ್ತಿಲ್ಲ ಅಂತ ತಿಳಿದೀರೇನು? ಅರ್ಧ ಕಪ್ ಚಾ ಯಾಕ ಕೊಡಾಕತ್ತೀನಿ?"

"ಹಾಲು ತುಟ್ಟಿ ಆಗೇದಂತ..."

"ನಿಮ್ಮ ತುಟ್ಟಿ! ಅಂಗಿ ಮ್ಯಾಲ ಚೆಲ್ಲಕೋಬಾರದಂತ."

"ಮತ್ತ ಇಷ್ಟ ದಿನ ಯಾಕ ಕೇಳಲಿಲ್ಲ?"

"ನೀವಾಗೇ ಹೇಳ್ತೀರಿ ಅಂತ ಕಾದೆ. ನೀವು ನನ್ನ ಬಿಟ್ಟು ಪುಗ್ಗಾಕ್ಕ ಹೇಳಾಕ ಹೋಗೀರಿ." ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. ಸೆರಗಿನಿಂದ ನನ್ನ ಚಾಳೀಸು ಒರೆಸಿ ಕೊಟ್ಟಳು. "ಮೊದಲ ಡಾಕ್ಟರು. ಆಮ್ಯಾಲ ಕತ್ತಿ. ಇದರಾಗ ಚೌಕಾಶಿ ಇಲ್ಲ."

ವಿಮಾನ ನಗರದ ಡಾಕ್ಟರಮ್ಮ ನನ್ನಿಂದ ಎರಡೂ ಕೈ ಚಾಚಿಸಿದರು, ನಡೆಸಿ ನೋಡಿದರು, ಒಂದು ಲೋಟದಿಂದ ಇನ್ನೊಂದಕ್ಕೆ ನೀರು ಸುರಿಸಿದರು, ಕಾಗದದ ಮೇಲೆ ಶಂಖದ ಸುರುಳಿ ಬರೆಸಿದರು. ನನ್ನ ಸುರುಳಿ ಹಳೆಯ ಗರಗಸದಂತೆ ಬಂತು. ನೀವು ಹೆದರಿದ ಕಾಯಿಲೆ ಇದಲ್ಲ ಎಂದರು. ಇದು ಬೇರೆ ಬಗೆಯ ನಡುಕ, ಎಷ್ಟೋ ಮನೆತನಗಳಲ್ಲಿ ಇರುತ್ತದೆ, ತೊಂದರೆ ಹೆಚ್ಚಾದರೆ ಔಷಧಿ ಇದೆ, ಪೂರ್ತಿ ಹೋಗುತ್ತದೆಂದು ಮಾತ್ರ ಹೇಳಲಾರೆ ಎಂದರು. ಗಿರಿಜೆ ಬಿಟ್ಟ ನಿಟ್ಟುಸಿರು ಹೊರಗೆ ಕೂತವರಿಗೂ ಕೇಳಿಸಿರಬೇಕು. ನಾನು ಕತ್ತಿಯ ವಿಷಯ ಕೇಳಿದೆ. ಮೊಣಕೈಗೆ ಆಸರೆ ಇದ್ದರೆ ಕೆನ್ನೆಗೆ ನಿಧಾನವಾಗಿ ಮಾಡಿ ನೋಡಿ, ಗಂಟಲ ಕಡೆ ಸುಳಿಯಬೇಡಿ ಎಂದರು. ನನ್ನ ಹೆಂಡತಿ ಅದನ್ನು ಅವರ ಬಾಯಿಂದ ಇನ್ನೊಮ್ಮೆ ಹೇಳಿಸಿದಳು.

ಮರುದಿನ ಮೊಣಕೈಯನ್ನು ಕನ್ನಡಿಯ ಕೆಳಗಿನ ಹಲಗೆಗೆ ಊರಿ, ಕತ್ತಿಯನ್ನು ಕೆನ್ನೆಯ ಹತ್ತಿರ ತಂದೆ. ಗಾಳಿಯಲ್ಲಿರುವಷ್ಟು ಹೊತ್ತು ಕೈ ತನ್ನ ಕುಣಿತ ಬಿಡಲಿಲ್ಲ. ಕಿರುಬೆರಳು ಕೆನ್ನೆಯ ಮೂಳೆಗೆ ತಾಗಿ, ಅಲಗು ಚರ್ಮದ ಮೇಲೆ ಮಲಗಿದ ಕೂಡಲೇ ನಿಂತಿತು. ಕರಕರ ಎಂದು, ಒಣ ಎಲೆಯ ಮೇಲೆ ಇರುವೆ ಸಾಲು ನಡೆದಂಥ ಸಣ್ಣ ಸದ್ದು. ಎರಡು ಬೆರಳಗಲ ಜಾಗ ನುಣ್ಣಗಾಯಿತು. ಕಿವಿಯ ಹತ್ತಿರ ಚೂರು ಗೀರಿತು, ರಕ್ತ ನಿಲ್ಲಲು ಪಟಿಕ ಉಜ್ಜಿದೆ. ಕೆಳಗಿನದೆಲ್ಲ ಮಾಮೂಲಿ ರೇಜರಿನಿಂದ. ಕತ್ತಿ ಕೈಯನ್ನು ತಿದ್ದುತ್ತದೆ ಎಂಬ ನನ್ನ ತರ್ಕ ಸುಳ್ಳಾಯಿತು, ಒಪ್ಪಿಕೊಳ್ಳುತ್ತೇನೆ. ಕೈ ಹಾಗೆಯೇ ಇದೆ. ಎಲ್ಲಿ ನಡುಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಮಾತ್ರ ಈಗ ನನಗೆ ಗೊತ್ತು. ಮಾಲಿನ ದೋಷ ತಿಳಿದಿದ್ದರೆ ವ್ಯವಹಾರ ಮಾಡಬಹುದು.

ನಿನ್ನೆ ಕುರಕುಂಭಕ್ಕೆ ಹೋಗಿದ್ದೆ. ಕಾರ್ಖಾನೆಯ ಸ್ಟೋರಿನ ಮುಖ್ಯಸ್ಥರು ಪಾಟೀಲರು, ಕಲಬುರ್ಗಿ ಕಡೆಯವರು, ನನ್ನಷ್ಟೇ ಗಟ್ಟಿ ಪಿಂಡ. ಚಹಾ ಬಂತು. ನಾನು ಆಸಿಡಿಟಿ ಎನ್ನಲಿಲ್ಲ. ಕಪ್ಪು ತನ್ನ ಸಂಗೀತ ಶುರುಮಾಡಿತು. ಪಾಟೀಲರು ಕುರ್ಚಿಗೆ ಒರಗಿದರು.

"ಯಾಕ್ರಿ, ಇವತ್ತ ಭಾಳ ಅಂಜೀರಿ?"

"ಅಂಜಿಕಿ ಅಲ್ರಿ. ಕೈ ನಡಗತದ. ಡಾಕ್ಟರಿಗೆ ತೋರಿಸೀನಿ, ಜೀವಕ್ಕೇನೂ ಇಲ್ಲಂತ. ನನ್ನ ರೇಟ ಮಾತ್ರ ಮೊದಲಿನದ ಅದ."

ಅವರು ಕುರ್ಚಿಯಿಂದ ಮುಂದೆ ಬಾಗಿದರು. ದನಿ ಇಳಿಯಿತು. "ನಮ್ಮ ಅವ್ವಗೂ ಹಿಂಗ ಆಗತದ. ರೊಟ್ಟಿ ಬಡ್ಯೂದ ಬಿಟ್ಟಾಳ. ಯಾರ ಮುಂದೂ ಉಣ್ಣಾಕ ಕೂಡೂದಿಲ್ಲ. ಯಾವ ಡಾಕ್ಟರ್ರಿ?"

ಹೆಸರು, ಆಸ್ಪತ್ರೆ, ಯಾವ ವಾರ ಸಿಗುತ್ತಾರೆ, ಎಲ್ಲ ಹೇಳಿದೆ. ಮೊದಲೇ ಹೋಗಿ ನಂಬರು ಹಚ್ಚಿರಿ ಎಂಬ ಸಲಹೆಯನ್ನೂ ಸೇರಿಸಿದೆ. ಅವರು ತಲೆ ತಗ್ಗಿಸಿ ಫೋನಿನಲ್ಲಿ ಗುರುತುಹಾಕಿಕೊಳ್ಳುತ್ತಿದ್ದರು. ಎದುರಿನವನ ಮನಸ್ಸು ಹೀಗೆ ಮೆತ್ತಗಾದ ಗಳಿಗೆಯಲ್ಲೇ ರೇಟು ಕೇಳಬೇಕು. ಇಡೀ ಜೀವಮಾನ ನಾನು ಹಾಗೇ ಮಾಡಿದವನು, ನಿಮಗೂ ಹಾಗೇ ಮಾಡಿ ಎನ್ನುವವನು. ನಿನ್ನೆ ಕೇಳಲಿಲ್ಲ. ಅವರು ಪೂರ್ತಿ ಗುರುತುಹಾಕಿಕೊಂಡು, ಫೋನು ಜೇಬಿಗಿಟ್ಟು, ಮುಖವನ್ನು ಮತ್ತೆ ಮೊದಲಿನಂತೆ ಬಿಗಿ ಮಾಡಿಕೊಳ್ಳುವವರೆಗೂ ಕಾದೆ. ಆಮೇಲೆ ಅವರು ತಮ್ಮ ರೇಟು ಹೇಳಿದರು. ಅದು ನನಗೆ ಹಿಡಿಸಲಿಲ್ಲ. ಸರಿಸಮ ಜಗಳ ಶುರುವಾಯಿತು. ನನ್ನ ಕೈ ಮೇಜಿನ ಮೇಲೆಯೇ ಇತ್ತು, ತನ್ನ ಪಾಡಿಗೆ ನಡುಗುತ್ತ.