ಮಹಾಪೆಯ ಬಯಲಲ್ಲಿ ಮೂವರು ಮುಖ್ಯಸ್ಥರು

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ನವಿ ಮುಂಬಯಿ ಕಡೆಯ ಮಹಾಪೆಯ ಒಂದು ಕಂಪ್ಯೂಟರ್ ಅನಿಮೇಷನ್ ಸ್ಟುಡಿಯೋದಲ್ಲಿ ಪ್ರೊಡಕ್ಷನ್ ಹೆಡ್ ಆಗಿದ್ದೆ. ಹೆಡ್ ಎಂದರೆ ದೊಡ್ಡ ಕ್ಯಾಬಿನ್ ಏನೂ ಇರಲಿಲ್ಲ. ಒಂದೇ ಮೇಜಿನ ಸುತ್ತ ನಾವು ಮೂವರು: ಕಲ್ಯಾಣದಿಂದ ಬರುತ್ತಿದ್ದ ಮರಾಠಿ ನಿರ್ದೇಶಕರು, ಅಂಬರನಾಥದಲ್ಲಿ ಮನೆ ಮಾಡಿದ್ದ ವಿಜಯಪುರದ ಟೆಕ್ನಿಕಲ್ ಹೆಡ್, ಡೊಂಬಿವಲಿಯ ನಾನು. ಜೊತೆಯಲ್ಲಿ ಸಿನಿಮಾ ಮಾಡುತ್ತಿದ್ದ ವಿದೇಶಿ ಕಂಪನಿಯವರು ನಮ್ಮನ್ನು ‘ಲೀಡರ್‌ಶಿಪ್ ಟೀಮ್’ ಎನ್ನುತ್ತಿದ್ದರು. ಉಡುಪಿ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಹೋಟೆಲ್ ನಡೆಸುತ್ತಿದ್ದ ಅಪ್ಪನಿಗೆ ಇದನ್ನು ಹೇಳಿದರೆ, “ಮೂರು ಜನಕ್ಕೆ ಒಂದೇ ಮೇಜಾ? ಅದೆಂಥದ್ದು ಲೀಡರ್‌ಶಿಪ್ ಮಾರಾಯ್ತಿ?” ಎಂದು ನಕ್ಕರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅವತ್ತು ಅವರೊಡನೆ ಮಾತು ಬಿಟ್ಟೆ.

ನಿರ್ದೇಶಕರದೊಂದು ಕಟ್ಟುನಿಟ್ಟಿತ್ತು. ಪಾತ್ರ ಏನು ಮಾಡಬೇಕೋ ಅದನ್ನು ಮೊದಲು ನಾವು ಮೂವರು ಕ್ಯಾಮೆರಾದ ಮುಂದೆ ಮಾಡಿ ತೋರಿಸಬೇಕು. ಆ ವಿಡಿಯೋ ನೋಡಿಕೊಂಡು ಅನಿಮೇಟರುಗಳು ಕಂಪ್ಯೂಟರಿನಲ್ಲಿ ಪಾತ್ರವನ್ನು ಆಡಿಸುತ್ತಿದ್ದರು. ಮೊದಲು ನೀವು ಬಿದ್ದು ತೋರಿಸಿ, ಆಮೇಲೆ ಇನ್ನೊಬ್ಬರಿಗೆ ಬೀಳಲು ಹೇಳಿ ಎಂದು ಅವರು ಹಿಂದಿಯಲ್ಲಿ ಗದರುತ್ತಿದ್ದರು. ನಾನು ಮಂಗನಾಗಿ ಮೇಜು ಹಾರಿದ್ದೇನೆ. ದಪ್ಪ ಮೀಸೆಯ ನಿರ್ದೇಶಕರು ಮರಿ ಹಾಕುವ ಆಡಾಗಿ ಗೋಣಿಚೀಲದ ಮೇಲೆ ನರಳಿದ್ದಾರೆ. ಬೇರೆ ಕಡೆಯ ದೊಡ್ಡವರು ಕುರ್ಚಿಯಲ್ಲಿ ಕೂತು ಬೆರಳು ತೋರಿಸುತ್ತಿದ್ದ ಕಾಲದಲ್ಲಿ ನಮ್ಮ ದೊಡ್ಡವರು ನೆಲದ ಮೇಲೆ ಹೊರಳಾಡುತ್ತಿದ್ದರು. ಆ ಹೆಮ್ಮೆ ನನಗೆ ಇನ್ನೂ ಇಳಿದಿಲ್ಲ.

ಟಿವಿಗೆಂದು ಮಾಡುತ್ತಿದ್ದ ಆ ಸಿನಿಮಾದಲ್ಲಿ ಹುಡುಗಿಯೊಬ್ಬಳು ಕಳೆದುಹೋದ ಆಡನ್ನು ಹುಡುಕುತ್ತ ದೊಡ್ಡ ಬಯಲನ್ನು ಒಬ್ಬಳೇ ದಾಟುತ್ತಾಳೆ. ಆ ವಿದೇಶಿ ಕಂಪನಿಯವರಿಗೆ ಅವಳ ನಡಿಗೆಯ ಒಂದು ತುಣುಕು ಮಾಡಿ ತೋರಿಸಬೇಕಿತ್ತು. ಒಪ್ಪಿದರೆ ಇಡೀ ಚಿತ್ರದಲ್ಲಿ ಹುಡುಗಿ ನಮ್ಮವಳು. ಒಪ್ಪದಿದ್ದರೆ ಅವಳು ವಿದೇಶದ ಸ್ಟುಡಿಯೋಗೆ, ನಮಗೆ ಹಿನ್ನೆಲೆಯ ಹುಲ್ಲು, ಕಲ್ಲು. ಹುಲ್ಲು ಬೆಳೆಸುವುದಕ್ಕೆ ನಾವ್ಯಾರೂ ಇಲ್ಲಿಗೆ ಬಂದಿರಲಿಲ್ಲ.

ಮೂವರೂ ಒಬ್ಬರಾದ ಮೇಲೊಬ್ಬರು ಹುಡುಗಿಯಾಗಿ ನಡೆದೆವು. ಅನಿಮೇಟರುಗಳು ನಿರ್ದೇಶಕರಿಂದ ಭುಜ ತೆಗೆದುಕೊಂಡರು, ನನ್ನಿಂದ ಚೀಲ ಹಿಡಿದ ಕೈ, ಟೆಕ್ನಿಕಲ್ ಹೆಡ್‌ರಿಂದ ಕಾಲು. ತುಣುಕು ಸಿದ್ಧವಾದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಯಾರಿಗೂ ಒಂದು ಕೊರತೆಯೂ ಕಾಣಲಿಲ್ಲ.

ಆ ಕಂಪನಿಯಿಂದ ಬಂದ ಮೇಲ್ವಿಚಾರಕಿ ಅದನ್ನು ನೋಡಿ ಹುಬ್ಬು ಗಂಟಿಕ್ಕಿದಳು. “ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಇವಳು ಯಾರನ್ನು ತಳ್ಳಿಕೊಂಡು ಹೋಗುತ್ತಿದ್ದಾಳೆ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ಆಗ ಕಣ್ಣಿಗೆ ಬಿತ್ತು. ಅಷ್ಟು ದೊಡ್ಡ ಬಯಲಿನಲ್ಲಿ ನಮ್ಮ ಹುಡುಗಿ ಒಂದು ಭುಜ ಮುಂದೆ ಮಾಡಿ, ಚೀಲವನ್ನು ಎದೆಗೆ ಅವುಚಿಕೊಂಡು, ಚಿಕ್ಕ ಚಿಕ್ಕ ಹೆಜ್ಜೆ ಹಾಕುತ್ತ ನುಸುಳುತ್ತಿದ್ದಳು. ಬೆಳಗಿನ ಲೋಕಲ್ ರೈಲು ಹಿಡಿದು ಥಾಣೆ ನಿಲ್ದಾಣದಲ್ಲಿ ಇಳಿಯುವ ನಡಿಗೆ ಅದು! ದಿನಾ ಅದೇ ಗರ್ದಿಯಲ್ಲಿ ಬರುವ ನಮಗೆ ಮನುಷ್ಯರು ನಡೆಯುವುದೇ ಹಾಗೆ ಎನ್ನಿಸಿಬಿಟ್ಟಿತ್ತು.

“ಇದನ್ನು ಮಾಡಿದ್ದು ಯಾರು? ಅವರನ್ನು ಈ ಕೆಲಸದಿಂದ ತೆಗೆಯಿರಿ” ಎಂದಳು ಅವಳು. ಅನಿಮೇಟರುಗಳ ಮುಖ ಸಪ್ಪಗಾಯಿತು. ನಿರ್ದೇಶಕರು ಎದ್ದರು. “ನಾನು. ಆ ಭುಜ ನನ್ನದು. ಇವರು ನಾನು ನಡೆದದ್ದನ್ನು ಕೂದಲೆಳೆಯಷ್ಟೂ ತಪ್ಪದೆ ಇಳಿಸಿದ್ದಾರೆ. ತೆಗೆಯುವುದಾದರೆ ನನ್ನನ್ನು ತೆಗೆಯಿರಿ.” ಟೆಕ್ನಿಕಲ್ ಹೆಡ್ ಎದ್ದು ಕಾಲು ತನ್ನದೆಂದರು. ಕೈ ನನ್ನದೆಂದು ನಾನೂ ಎದ್ದೆ. ಅಷ್ಟು ನೆಟ್ಟಗೆ ನಾನು ಹಿಂದೆಂದೂ ನಿಂತಿರಲಿಲ್ಲ. ಅವಳು ನಮ್ಮ ಮೂವರನ್ನೂ ನೋಡಿ, ದೆಹಲಿಗೆ ಹೋಗಿ ಬರುತ್ತೇನೆ, ಅಷ್ಟರಲ್ಲಿ ಇನ್ನೊಮ್ಮೆ ಮಾಡಿ ತೋರಿಸಿ ಎಂದಳು.

ಮರುದಿನ ನಿರ್ದೇಶಕರು ನಮ್ಮಿಬ್ಬರನ್ನು ಸ್ಟುಡಿಯೋ ಹಿಂದಿನ ಖಾಲಿ ಜಾಗಕ್ಕೆ ಎಳೆದೊಯ್ದರು. ಫ್ಯಾಕ್ಟರಿಗಳಿಗೆಂದು ಸಮತಟ್ಟು ಮಾಡಿ ಬಿಟ್ಟ ನೆಲ, ಆಚೆಗೆ ಗುಡ್ಡ. ಅನಿಮೇಟರುಗಳು ಗೋಡೆಯ ಮೇಲೆ ಸಾಲಾಗಿ ಕೂತು ಕೇಕೆ ಹಾಕುತ್ತಿದ್ದರು. ಲಾರಿಯವರು ಹಾರ್ನ್ ಹೊಡೆದು ಹುರಿದುಂಬಿಸಿದರು. ನಗೆಪಾಟಲು ಅಂದರೆ ಅದೇ.

“ಅಕ್ಕಾರ, ಕೈ ಸಡ್ಲ ಬಿಡ್ರೀ. ಇಲ್ಲಿ ಯಾರೂ ದೂಡಂಗಿಲ್ಲ” ಎಂದು ಟೆಕ್ನಿಕಲ್ ಹೆಡ್ ಕ್ಯಾಮೆರಾ ಹಿಡಿದು ಕೂಗಿದರು.

“ನಾನು ಬಿಟ್ರೂ ಅದು ಬಿಡುದಿಲ್ಲ ಮಾರಾಯ್ರೆ! ತನ್ನಷ್ಟಕ್ಕೇ ಹೋಗಿ ಚೀಲ ಹಿಡೀತದೆ” ಎಂದು ನಾನೂ ಕೂಗಿದೆ.

ಒಂದು ಕೊನೆಯಿಂದ ಇನ್ನೊಂದು ಕೊನೆಗೆ, ಮತ್ತೆ ವಾಪಸ್ಸು. ಬಿಸಿಲು ನೆತ್ತಿಗೆ ಬಂತು. ನಿರ್ದೇಶಕರು ಎದುರಿಗೆ ಯಾರೂ ಇಲ್ಲದಿದ್ದರೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದರು. ನನಗೆ ರೇಗಿಹೋಗಿ ಚೀಲವನ್ನು ನೆಲಕ್ಕೆ ಎಸೆದು ಗುಡ್ಡದ ಕಡೆಗೆ ಬಿರಬಿರನೆ ನಡೆದುಬಿಟ್ಟೆ. ಸ್ವಲ್ಪ ದೂರ ಹೋದಮೇಲೆ ಸಿಟ್ಟು ಇಳಿಯಿತು, ನಡಿಗೆ ನಿಲ್ಲಲಿಲ್ಲ. ಕೈಗಳು ಬೀಸಾಡುತ್ತಿದ್ದವು, ದುಪಟ್ಟಾ ಹಾರುತ್ತಿತ್ತು. ಹೀಗೂ ನಡೆಯಬಹುದು ಎನ್ನುವುದು ಮರೆತೇ ಹೋಗಿತ್ತಲ್ಲ ಎಂದು ಸಂಕಟವೂ ಸಂತೋಷವೂ ಒಟ್ಟಿಗೇ ಆಯಿತು. ಹಿಂದೆ ನೋಡಿದರೆ ಆ ಇಬ್ಬರೂ ಕೈ ಬೀಸಿಕೊಂಡು ಬರುತ್ತಿದ್ದರು. ಪುಣ್ಯಕ್ಕೆ ಅನಿಮೇಟರ್ ಒಬ್ಬನ ಕೈಗೆ ಕೊಟ್ಟು ಬಂದಿದ್ದ ಕ್ಯಾಮೆರಾ ಆಫ್ ಆಗಿರಲಿಲ್ಲ.

ದೆಹಲಿಯಿಂದ ಮರಳಿದವಳು ಹೊಸ ತುಣುಕನ್ನು ನೋಡಿದಳು. ಮತ್ತೆ ಹಾಕಿ ಎಂದಳು. ಮತ್ತೆ. ನಮ್ಮ ಹುಡುಗಿ ತಲೆಯೆತ್ತಿ, ಬಯಲೆಲ್ಲ ತನ್ನದೇ ಎಂಬಂತೆ ಹೆಜ್ಜೆ ಹಾಕುತ್ತಿದ್ದಳು. ಕೊನೆಗೆ ಅವಳು ನಿರ್ದೇಶಕರತ್ತ ತಿರುಗಿ, “ಹುಡುಗಿ ಇಲ್ಲೇ ಇರಲಿ” ಎಂದಳು.

ಥ್ಯಾಂಕ್ಸ್ ಹೇಳುವ ಸೌಜನ್ಯವನ್ನೂ ಮರೆತು ಆ ಮನುಷ್ಯ ಬಾಗಿಲು ತಳ್ಳಿಕೊಂಡು ಹೊರಗಿನ ಹಾಲ್‌ಗೆ ಓಡಿದರು. ಕಾದಿದ್ದ ಅಷ್ಟೂ ಅನಿಮೇಟರುಗಳ ಮುಂದೆ ನಿಂತು, “ಮುಲ್ಗಿ ಆಪ್ಲೀಚ್!” ಎಂದು ಕೂಗಿದರು. ಹುಡುಗಿ ನಮ್ಮವಳೇ. ಕುರ್ಚಿಗಳು ಉರುಳಿದವು, ಯಾರೋ ಮಾನಿಟರನ್ನೇ ತಬ್ಬಿಕೊಂಡರು. ನಾನು ಗಳಗಳ ಅತ್ತೆ, ಕಣ್ಣೊರೆಸಿಕೊಳ್ಳದೆ, ಎಲ್ಲರೂ ನೋಡಲಿ ಎಂದೇ ಅತ್ತೆ.